ಅರವತ್ತೊಂದು ಕೆಂಪು ಗೆರೆ

ಜನವರಿ 6, ಸೋಮವಾರ

ಇಂದು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಶಿವಮೊಗ್ಗ ವಿದ್ಯಾನಗರದ ನಮ್ಮ ಕಚೇರಿಯಲ್ಲಿ, ಕಿಟಕಿ ಪಕ್ಕದ ನನ್ನದೇ ಕುರ್ಚಿಯಲ್ಲಿ ಕೂತಿದ್ದಾಗ, ಇಪ್ಪತ್ತೆರಡು ವರ್ಷ ಪ್ರೋಗ್ರಾಂ ಬರೆದು ಬೆರಳು ಸವೆಸಿಕೊಂಡ ದೇವರಾಜ್ ಎಂಬ ನನಗೆ ಘೋರ ಅವಮಾನವಾಯಿತು. ಮಾಡಿದವನು ಮನುಷ್ಯನಾಗಿದ್ದರೆ ಮೀಸೆ ತಿರುವಿ ಎದುರು ನಿಲ್ಲುತ್ತಿದ್ದೆ. ಮಾಡಿದ್ದು ಯಂತ್ರ. ಯಂತ್ರವೂ ಅಲ್ಲ, ಯಂತ್ರದೊಳಗೆ ಅವಿತು ಕುಳಿತ ಒಂದು ಯಃಕಶ್ಚಿತ್ ಪ್ಲಗಿನ್!

ಅದನ್ನು ತಂದು ನನ್ನ ಮಡಿಲಿಗೆ ಹಾಕಿದವಳು ಅಕ್ಷಯಾ. ನವುಲೆಯಿಂದ ಸ್ಕೂಟಿಯಲ್ಲಿ ಬರುವ, ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಮೆಲ್ಲಗೆ ಮಾತಾಡುತ್ತಾಳೆ. ಮೆಲ್ಲಗೆ ಮಾತಾಡುವವರನ್ನು ನಾನು ಎಂದೂ ನಂಬಿದವನಲ್ಲ.

"ಸರ್, ನಿಮ್ಮ ಎಡಿಟರಿಗೆ ಒಂದು ಅನಲೈಸರ್ ಹಾಕಿದೀನಿ. ಪ್ರೋಗ್ರಾಂ ರನ್ ಮಾಡ್ದೇನೇ ಬರೀ ಓದಿ ತಪ್ಪು ಹೇಳುತ್ತೆ."

"ಅಂದ್ರೆ ನಾಟಕ ನೋಡ್ದೆ, ಪುಸ್ತಕ ತಿರುವಿಹಾಕಿ, ಪಾತ್ರಧಾರಿ ಸರಿಯಿಲ್ಲ ಅಂತ ಪೇಪರಿಗೆ ಬರೀತಾರಲ್ಲ, ಆ ಜಾತಿ?"

"ಜಾತಿ ಗೊತ್ತಿಲ್ಲ ಸರ್. ಫ್ರೀ ಇದೆ."

ಗುಂಡಿ ಒತ್ತಿದಳು. ನಾನು ಹನ್ನೊಂದು ವರ್ಷ ಕಟ್ಟಿ ನಿಲ್ಲಿಸಿದ ಸಾಮ್ರಾಜ್ಯ, ಭದ್ರಾವತಿಯ ವೇದಾವತಿ ಮೇಡಂ ಅವರ ರಕ್ತಪರೀಕ್ಷೆ ಲ್ಯಾಬಿನ ಪ್ರೋಗ್ರಾಂ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹಳದಿ, ಕೆಂಪು ಗೆರೆಗಳಿಂದ ತುಂಬಿಹೋಯಿತು. ದಡಾರ ಎದ್ದ ಮಗುವಿನ ಬೆನ್ನು ನೋಡಿದಂತಾಯಿತು. ಕೆಳಗೆ ಲೆಕ್ಕ: ಒಟ್ಟು ಆಕ್ಷೇಪ 1,846. ಅದರಲ್ಲಿ ಕೆಂಪು 61.

ಆಗ ಮಾಲೀಕ ವಿಷ್ಣುಪ್ರಸಾದ್ ತಮ್ಮ ಗಾಜಿನ ಕೋಣೆಯಿಂದ ಹೊರಬಂದು ಘೋಷಿಸಿದರು. ವೇದಾವತಿ ಮೇಡಂ ಲ್ಯಾಬಿಗೆ ಮಾನ್ಯತೆ ಕೊಡಲು ಇದೇ 31ಕ್ಕೆ ತಪಾಸಣೆಯವರು ಬರುತ್ತಾರೆ. ಪ್ರೋಗ್ರಾಮಿನ ಈ ಅನಲೈಸರ್ ವರದಿಯನ್ನೂ ಕೇಳಿದ್ದಾರೆ. ಕೆಂಪು ಸೊನ್ನೆ ಇರಬೇಕು. ಇಲ್ಲವಾದರೆ ಮೇಡಂ ಬೇರೆ ಕಂಪನಿ ನೋಡಿಕೊಳ್ಳುತ್ತಾರೆ.

"ದೇವರಾಜ್, ಆಮೇಲೆ ನಿಮ್ಮನ್ನ ಪ್ರಿಂಟರ್ ರಿಪೇರಿಗೆ ಹಾಕ್ಬೇಕಾಗುತ್ತೆ" ಎಂದರು. ನಕ್ಕರು. ಆದರೆ ಅವರ ನಗು ಕಣ್ಣಿನವರೆಗೆ ಬರಲಿಲ್ಲ ಎಂಬುದನ್ನು, ಪ್ರೇಕ್ಷಕರ ಮುಖ ಓದಿಯೇ ಬೆಳೆದ ನಾನು ಗುರುತಿಸದೆ ಇರಲಾರೆ.

ಎಲೈ ಪ್ಲಗಿನ್ನೇ! ಇಪ್ಪತ್ತೈದು ದಿನ ಇವೆ. ನೋಡೇಬಿಡೋಣ!

ಜನವರಿ 7, ಮಂಗಳವಾರ

ಮೊದಲ ಆಕ್ಷೇಪ: 'ಈ ಫಂಕ್ಷನ್ ಬಹಳ ಉದ್ದವಾಗಿದೆ. 1,140 ಸಾಲು.'

ಉದ್ದವೇ? ವರದಿ ಮುದ್ರಿಸುವ ಆ ಫಂಕ್ಷನ್ನು ನನ್ನ ಜೀವಮಾನದ ಕೃತಿ! ರೋಗಿಯ ಪ್ರವೇಶ, ಹೆಸರು ನೋಂದಣಿ, ರಕ್ತದ ಸಂಚಾರ, ಯಂತ್ರದ ಉತ್ತರ, ಕೊನೆಗೆ ಸಹಿ ಸಮೇತ ಕಾಗದ ಹೊರಬರುವ ಮಂಗಳ! ಎಲ್ಲವೂ ಒಂದೇ ಉಸಿರಿನಲ್ಲಿ. ಇದನ್ನು ಕತ್ತರಿಸು ಅನ್ನುವುದು, ರಣರಂಗದಲ್ಲಿ ನಿಂತ ರಾಜನಿಗೆ 'ಬೇಗ ಸಾಯಿ, ಕೊನೆ ಬಸ್ಸು ಹೋಗುತ್ತೆ' ಅಂದಂತೆ.

ಎರಡನೆಯದು: 'ಖಳನಾಯಕ ಎಂಬ ವೇರಿಯಬಲ್ ಘೋಷಿತವಾಗಿದೆ, ಎಲ್ಲೂ ಬಳಕೆಯಾಗಿಲ್ಲ.'

ಅಕ್ಷಯಾ ಕೇಳಿದಳು, "ಸರ್, ಇವನು ಯಾಕಿದಾನೆ?"

"ಅಂಕಿ ಇಡೋ ಖಾಲಿ ಡಬ್ಬ ಅದು. ಮುಂದೆ ಬೇಕಾಗಬಹುದು ಅಂತ ಇಟ್ಟಿದ್ದು."

"ಎಷ್ಟು ವರ್ಷದಿಂದ?"

"2014."

"ಹನ್ನೊಂದು ವರ್ಷದಿಂದ ಮೇಕಪ್ ಹಾಕ್ಕೊಂಡು ಸೈಡ್‌ವಿಂಗಲ್ಲಿ ನಿಂತಿದಾನಾ ಸರ್? ಪಾಪ, ಮನೆಗೆ ಕಳ್ಸಿ."

ಕಳಿಸಿದೆ. ಮನಸ್ಸು ಭಾರವಾಯಿತು.

ಆದರೆ ಆ ಕೆಂಪು ಅರವತ್ತೊಂದು ಮಾತ್ರ ಬೇರೆಯೇ ಜಾತಿ. ಪ್ರೋಗ್ರಾಂ ಓಡುವಾಗ ಏನಾದರೂ ಎಡವಟ್ಟಾದರೆ ಅದನ್ನು ಹಿಡಿಯಲು ಒಂದು ಜಾಗ ಇಟ್ಟಿರುತ್ತೇವೆ. ಕ್ಯಾಚ್ ಎನ್ನುತ್ತಾರೆ. ಹಿಡಿದ ಮೇಲೆ ಏನು ಮಾಡಬೇಕು ಎಂಬುದನ್ನು ಅಲ್ಲಿ ಬರೆಯಬೇಕು. ನಾನು ಅರವತ್ತೊಂದು ಕಡೆಯೂ ಖಾಲಿ ಬಿಟ್ಟಿದ್ದೇನೆ. ಎಡವಟ್ಟಾದರೆ ಹಿಡಿ, ನುಂಗು, ಮುಂದೆ ನಡೆ. ಪ್ರತಿಯೊಂದರ ಪಕ್ಕದಲ್ಲೂ ನಾನೇ ಬರೆದ ಟಿಪ್ಪಣಿ: 'ಆಟ ನಿಲ್ಲಕೂಡದು.'

ಇದು ಮರೆವಲ್ಲ, ಸಂಸ್ಕಾರ! ನಾನು ಹುಟ್ಟಿದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ, ಬೆಳೆದದ್ದು ಕಾಗದದ ಮಿಲ್ಲಿನವರ ನಾಟಕಗಳಲ್ಲಿ. ಅಪ್ಪ ಭೈರಪ್ಪ ಹಗಲು ಪಲ್ಪ್ ವಿಭಾಗ, ಸಂಜೆ ಸೇನಾಪತಿ. ಒಮ್ಮೆ ಯುದ್ಧದ ದೃಶ್ಯದಲ್ಲಿ ಕತ್ತಿ ಮುರಿದು ಅಲಗು ಮುಂದಿನ ಸಾಲಿನವರ ಕಾಲಬಳಿ ಬಿತ್ತು. ಕೈಯಲ್ಲಿ ಉಳಿದದ್ದು ಹಿಡಿ. ಅಪ್ಪ ಕಣ್ಣು ಮಿಟುಕಿಸಲಿಲ್ಲ. "ನಿನ್ನಂಥವನಿಗೆ ಕತ್ತಿ ದಂಡ! ಹಿಡಿಯೇ ಸಾಕು!" ಎಂದು ಎದುರಾಳಿಯ ನೆತ್ತಿಗೆ ಕುಕ್ಕಿದರು. ಅವನು ನಿಜವಾಗಿಯೇ ಬಿದ್ದ. ಎರಡು ನಿಮಿಷ ಚಪ್ಪಾಳೆ! ಅವನಿಗೆ ಹಾಕಿದ ಹೊಲಿಗೆ ಮೂರು.

ಅಂದೇ ಕಲಿತೆ. ಮೀಸೆ ಬೀಳಲಿ, ಕಿರೀಟ ಜಾರಲಿ, ಕರೆಂಟು ಹೋಗಲಿ, ಪರದೆ ಮಾತ್ರ ಬೀಳಕೂಡದು. ನನ್ನ ಪ್ರೋಗ್ರಾಂ ಹನ್ನೊಂದು ವರ್ಷದಲ್ಲಿ ಒಂದು ಸಲವೂ ನಿಂತಿಲ್ಲ. ಇದನ್ನು ತಪ್ಪು ಎನ್ನುವ ಪ್ಲಗಿನ್ನಿಗೆ ರಂಗದ ಮಣ್ಣಿನ ವಾಸನೆಯಾದರೂ ಗೊತ್ತೇ?

ಜನವರಿ 9, ಗುರುವಾರ

ಟೈಪ್ ಮಾಡುತ್ತಿದ್ದಂತೆಯೇ ಗೆರೆ ಎಳೆಯುತ್ತದೆ! ವಾಕ್ಯ ಮುಗಿಸಲೂ ಬಿಡುವುದಿಲ್ಲ. ಬಾಯಿ ತೆರೆಯುವ ಮೊದಲೇ ತಿದ್ದುವ ಹೆಡ್‌ಮಾಸ್ತರ! ಮಧ್ಯಾಹ್ನ ತಡೆಯಲಾರದೆ ಎದ್ದುನಿಂತು ಪರದೆಗೆ ಹೇಳಿದೆ: "ಮೂಢನೇ! ಮಾತು ಮುಗಿಯುವವರೆಗಾದರೂ ಸೈರಿಸು!"

ಕೆಳಗಿನ ಅಂಗಡಿಯವರು ಮೇಲೆ ಬಂದು ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿ ಹೋದರು.

ಹಳದಿ: 1,702. ಕೆಂಪು: 61.

ಜನವರಿ 13, ಸೋಮವಾರ

ಜಯಭೇರಿ! ಜಯಭೇರಿ!

ಇವತ್ತು ಕೆಂಪು ಗೆರೆಯ ಮೇಲೆ ಮೌಸಿನ ಬಲಗುಂಡಿ ಒತ್ತಿದಾಗ ಒಂದು ಪಟ್ಟಿ ಇಳಿಯಿತು. ಅದರ ಕೊನೆಯಲ್ಲಿ ಅಡಗಿತ್ತು ಬ್ರಹ್ಮಾಸ್ತ್ರ: 'ಈ ಎಚ್ಚರಿಕೆಯನ್ನು ಇಲ್ಲಿ ತೋರಿಸಬೇಡ.' ಒತ್ತಿದೆ. ಕೋಡಿನ ತಲೆಯ ಮೇಲೆ ಒಂದು ಸಣ್ಣ ಸಾಲು ಕೂತಿತು. ಕೆಂಪು ಗೆರೆ ಮಾಯ! ಅಂದರೆ ಈ ವಿಮರ್ಶಕನಿಗೆ ಬಾಯಿ ಕಟ್ಟುವ ಹಗ್ಗವನ್ನೂ ಅವನನ್ನು ಮಾಡಿದವರೇ ಕೊಟ್ಟಿದ್ದಾರೆ. ಮುಂದಿನದಕ್ಕೆ ಒತ್ತಿದೆ. ಅದರ ಮುಂದಿನದಕ್ಕೆ. ಊಟದ ಹೊತ್ತಿಗೆ ಅರವತ್ತೊಂದೂ ಧರಾಶಾಯಿ.

ಕೆಂಪು: ಸೊನ್ನೆ!

ವಿಷ್ಣುಪ್ರಸಾದ್ ಬಂದು ನೋಡಿದರು, ಅಪ್ಪಿಕೊಂಡರು. "ಒಂದೇ ವಾರದಲ್ಲಿ! ಅನುಭವ ಅಂದ್ರೆ ಇದು ನೋಡ್ರಪ್ಪಾ" ಎಂದು ಇಡೀ ಕಚೇರಿಗೆ ಸಾರಿದರು. ಎಲ್ಲರಿಗೂ ಮಸಾಲೆದೋಸೆ ಬಂತು. ಅಕ್ಷಯಾ ರಜೆಯಲ್ಲಿದ್ದಳು. ಅವಳು ಇಲ್ಲದ್ದು ವಿಜಯೋತ್ಸವಕ್ಕೆ ಒಂದು ಕೊರತೆ.

ಜನವರಿ 14, ಮಂಗಳವಾರ, ಸಂಕ್ರಾಂತಿ

ಹೆಂಡತಿ ದೀಪಶ್ರೀ ಜೊತೆ ಭದ್ರಾವತಿಗೆ, ಅವಳ ತಾಯಿ ತುಂಗಮ್ಮನವರ ಮನೆಗೆ. ಅತ್ತೆಯದೂ ಕಾಗದನಗರವೇ, ನಾನು ಬೆಳೆದ ಲೈನಿನಿಂದ ಎರಡು ಲೈನ್ ಆಚೆ. ಮಿಲ್ಲು ನಿಂತ ಮೇಲೆ ಅಕ್ಕಪಕ್ಕ ಅರ್ಧ ಖಾಲಿಯಾಗಿದ್ದರೂ ಅತ್ತೆಯ ಮನೆಯಲ್ಲಿ ಜನಕ್ಕೆ ಬರವಿಲ್ಲ. ಅವರ ಗಂಟಲು ಎಂಥದ್ದು ಎಂದರೆ, ಹಿಂದೆ ನಮ್ಮ ನಾಟಕಕ್ಕೆ ಮೈಕು ಕೈಕೊಟ್ಟಾಗ ಮುಂದಿನ ಸಾಲಿನಿಂದ ಮಾತು ಎತ್ತಿ ಹಿಂದಿನ ಸಾಲಿಗೆ ದಾಟಿಸುತ್ತಿದ್ದವರು ಅವರು.

ಅಡುಗೆಮನೆ ಬಾಗಿಲ ಪಕ್ಕ, ದೇವರ ಪಟದ ಕೆಳಗೆ, ಲ್ಯಾಮಿನೇಟ್ ಮಾಡಿಸಿದ ಒಂದು ಕಾಗದ ತೂಗುತ್ತಿತ್ತು. ನೋಡಿದರೆ ನನ್ನದೇ ಪ್ರೋಗ್ರಾಂ ಮುದ್ರಿಸಿದ ವರದಿ! ತುಂಗಮ್ಮ, 64 ವರ್ಷ. ಖಾಲಿ ಹೊಟ್ಟೆಯ ಸಕ್ಕರೆ: 96.

"ನಮ್ಮ ಮನೇಲಿ ಎಲ್ರಿಗೂ ಶುಗರ್ರು. ನಮ್ಮಪ್ಪಂಗೆ, ಅಕ್ಕಂಗೆ, ತಮ್ಮಂಗೆ. ನಂಗೆ ಮಾತ್ರ ತೊಂಬತ್ತಾರು!" ಎಂದು ಅತ್ತೆ ಎಳ್ಳುಬೆಲ್ಲದ ಡಬ್ಬಿಗೆ ಕೈ ಹಾಕಿದರು. "ಜೂನಲ್ಲಿ ಮಾಡ್ಸಿದ್ದು. ಅವತ್ತಿಂದ ಒಂದು ಹೋಳಿಗೆ ಬಿಟ್ಟಿಲ್ಲ ನಾನು. ಅಳಿಯಂದ್ರೇ, ನಿಮ್ ಕಂಪ್ಯೂಟರ್ ಬಾಯಿಗೆ ಸಕ್ಕರೆ ಹಾಕ."

"ಅದು ಇನ್ನೂ ತೊಂಬತ್ತಾರಾ ಅಂತ ಮತ್ತೊಂದ್ಸಲ ಮಾಡಿಸ್ಬಾರ್ದಾ ಅಮ್ಮ?" ಎಂದಳು ದೀಪಶ್ರೀ.

"ಪಾಸಾದ ಪರೀಕ್ಷೆಗೆ ಯಾರಾದ್ರೂ ಮತ್ತೆ ಕೂತ್ಕೊತಾರೇನೇ?"

ಹೆಮ್ಮೆಯಿಂದ ನನ್ನ ಎದೆ ಬಿರಿಯಿತು. ನನ್ನ ಕೃತಿ ದೇವರ ಪಟದ ಕೆಳಗೆ! ಸಕ್ಕರೆ ಅಚ್ಚು ನಾಲ್ಕು ತಿಂದೆ, ಅತ್ತೆ ಒಂಬತ್ತು. ಅತ್ತೆ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು, ಈ ಸಲ ಬೇಸಿಗೆ ಬೇಗ ಬಂತು ಎಂದರು. ಚಪ್ಪಲಿ ಕಚ್ಚಿದ ಕಡೆ ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದರು. ಯಾವಾಗ ಆದದ್ದು ಎಂದರೆ ದೀಪಾವಳಿಗೆ ಎಂದರು.

ಜನವರಿ 16, ಗುರುವಾರ

ಅಕ್ಷಯಾ ರಜೆ ಮುಗಿಸಿ ಬಂದಳು, ಫೈಲು ತೆರೆದಳು, ನೋಡಿದಳು. ಅರವತ್ತೊಂದು ಕಡೆ 'ತೋರಿಸಬೇಡ' ಎಂಬ ಸಾಲು.

"ಸರ್, ಕನ್ನಡಿಗೆ ಬಟ್ಟೆ ಮುಚ್ಚಿದ್ರೆ ಮುಖ ತೊಳ್ದಂಗಾಗುತ್ತಾ?"

"ಮುಖದಲ್ಲಿ ಕೊಳೆ ಇದ್ರೆ ತಾನೇ ತೊಳೆಯೋದು ಮಾರಾಯ್ತಿ? ಹನ್ನೊಂದು ವರ್ಷ! ಒಂದು ದಿನ, ಒಂದೇ ಒಂದು ದಿನ ನಿಂತಿದೆಯಾ ಈ ಪ್ರೋಗ್ರಾಂ?"

"ಅದೇ ಸರ್ ನಂಗೆ ಹೆದರಿಕೆ. ಎಂದೂ ನಿಲ್ಲದೇ ಇರೋದಕ್ಕೆ ಏನೂ ತಪ್ಪಾಗಿಲ್ಲ ಅಂತ ಅರ್ಥನಾ, ಅಥವಾ ಆದ ತಪ್ಪನ್ನೆಲ್ಲ ನುಂಗಿದೆ ಅಂತನಾ?"

ಹೀಗೆ ಮೆಲ್ಲಗೆ ಕೇಳಿಬಿಟ್ಟರೆ ಜೋರಾಗಿ ಹೇಗೆ ಉತ್ತರ ಕೊಡುವುದು? ಪಂಥ ಕಟ್ಟಿದೆ. ಅರವತ್ತೊಂದರಲ್ಲಿ ಯಾವುದಾದರೂ ಒಂದರಿಂದ ಕೂದಲೆಳೆಯಷ್ಟು ಕೇಡಾಗಿದೆ ಎಂದು ಅವಳು ತೋರಿಸಿದರೆ, ನನ್ನ 1,140 ಸಾಲಿನ ಮಹಾಕೃತಿಯನ್ನು ನನ್ನ ಕೈಯಾರೆ ತುಂಡು ಮಾಡುತ್ತೇನೆ. ತೋರಿಸದಿದ್ದರೆ, ಅಪ್ಪನ ಸೇನಾಪತಿಯ ಮಾತುಗಳನ್ನು ನಾನು ಪೂರ್ತಿ ಹೇಳುವಾಗ ಅವಳು ಕೂತು ಕೇಳಬೇಕು.

"ಎಷ್ಟು ಹೊತ್ತಾಗುತ್ತೆ ಸರ್ ಅದು?"

"ಐವತ್ತು ನಿಮಿಷ."

ಅವಳು ಅಂಗಿ ತೋಳು ಮಡಚಿ ಕೆಲಸಕ್ಕೆ ಕೂತ ವೇಗ ನೋಡಿ ಸ್ವಲ್ಪ ಬೇಸರವಾಯಿತು.

ಅವಳು ಮಾಡಿದ್ದು ಇಷ್ಟೇ. ಪ್ರತಿ ಖಾಲಿ ಜಾಗದಲ್ಲೂ ಒಂದೇ ಒಂದು ಸಾಲು: ಎಡವಟ್ಟಾದರೆ ಗಂಟೆ, ನಿಮಿಷ, ಏನಾಯಿತು ಎಂದು ಒಂದು ಕಡತಕ್ಕೆ ಬರೆದಿಡು. ಪ್ರೋಗ್ರಾಂ ನಿಲ್ಲುವುದಿಲ್ಲ, ಸುಮ್ಮನೆ ಬರೆದಿಡುತ್ತದೆ. ಲ್ಯಾಬಿಗೆ ಕಳಿಸಿದಳು.

ಜನವರಿ 20, ಸೋಮವಾರ

ಮೂರು ದಿನದ ಕಡತ ಬಂತು. ಅರವತ್ತರಲ್ಲಿ ಏನೂ ಇಲ್ಲ. ಗಹಗಹಿಸಿ ನಕ್ಕೆ.

ಒಂದರಲ್ಲಿ ಒಂದೇ ಒಂದು ಸಾಲು. ಶನಿವಾರ ಬೆಳಿಗ್ಗೆ 7:52. 'ಅಂಕಿಯಾಗಿ ಓದಲು ಆಗಲಿಲ್ಲ: 300+'.

"ಏನ್ಸರ್ ಇದು ಪ್ಲಸ್ಸು?" ಎಂದಳು ಅಕ್ಷಯಾ.

ವೇದಾವತಿ ಮೇಡಂಗೆ ಫೋನು ಮಾಡಿದೆ. ಹೋದ ವರ್ಷ ಮೇ ತಿಂಗಳಲ್ಲಿ ರಕ್ತದ ಮಷಿನ್ನಿಗೆ ಕಂಪನಿಯವರು ಹೊಸ ಸಾಫ್ಟ್‌ವೇರ್ ಹಾಕಿ ಹೋದರಂತೆ. ಅಂದಿನಿಂದ ಸಕ್ಕರೆ ಮುನ್ನೂರು ದಾಟಿದರೆ ಅದು ಪೂರ್ತಿ ಅಂಕಿ ಕೊಡದೆ, 300 ಬರೆದು ಮುಂದೆ ಪ್ಲಸ್ ಹಾಕುತ್ತದಂತೆ.

ನನ್ನ ಪ್ರೋಗ್ರಾಮಿಗೆ ಪ್ಲಸ್ ಗೊತ್ತಿಲ್ಲ. ಎಡವುತ್ತದೆ. ಕ್ಯಾಚ್ ಹಿಡಿಯುತ್ತದೆ, ನುಂಗುತ್ತದೆ, ಮುಂದೆ ನಡೆಯುತ್ತದೆ.

"ಸರಿ ಸರ್, ಮುಂದೆ ನಡೀತು. ವರದೀಲಿ ಯಾವ ಅಂಕಿ ಹಾಕುತ್ತೆ ಆಗ?"

ಕೋಡು ತೆರೆದು ಆ ಸಾಲು ಓದಿದೆ.

ಆ ಅಂಕಿ ಇಡುವ ಡಬ್ಬದಲ್ಲಿ ಹಿಂದಿನವರ ಅಂಕಿ ಹಾಗೇ ಉಳಿದಿರುತ್ತದೆ. ಅದನ್ನೇ ಹಾಕುತ್ತದೆ. ಸಹಿ ಸಮೇತ.

ಜನವರಿ 21, ಮಂಗಳವಾರ

ಮಷಿನ್ನಿನ ಹಳೆಯ ಕಡತಗಳನ್ನು ಮೇ ತಿಂಗಳಿಂದ ತರಿಸಿ, ವರದಿಗಳ ಜೊತೆ ಇಟ್ಟು ನೋಡಿದೆವು. ಪ್ಲಸ್ ಬಂದವರು ಇಪ್ಪತ್ಮೂರು ಜನ. ಇಪ್ಪತ್ಮೂರು ಜನರಿಗೂ ಸರದಿಯಲ್ಲಿ ಅವರ ಮುಂದೆ ನಿಂತಿದ್ದವರ ಸಕ್ಕರೆ ಹೋಗಿದೆ.

ನಾಲ್ಕನೆಯ ಹೆಸರು: ತುಂಗಮ್ಮ, 64, ಕಾಗದನಗರ. ಮಷಿನ್: 300+. ವರದಿ: 96.

ಆ ತೊಂಬತ್ತಾರು ಬೇರೊಬ್ಬನದು. ಅವರ ಮುಂದೆ ನಿಂತಿದ್ದ ಶ್ರೇಯಸ್, 24. ಕಬಡ್ಡಿ ತಂಡಕ್ಕೆ ಫಿಟ್‌ನೆಸ್ ಸರ್ಟಿಫಿಕೇಟು ಬೇಕೆಂದು ಬಂದವನು.

ಅಕ್ಷಯಾ ಪಂಥದ ಮಾತೆತ್ತಲಿಲ್ಲ.

ಜನವರಿ 22, ಬುಧವಾರ

ವಿಷ್ಣುಪ್ರಸಾದರಿಗೆ ಹೇಳಿದೆವು. ಗಾಜಿನ ಕೋಣೆಯ ಬಾಗಿಲು ಹಾಕಿದರು.

"ಪ್ಲಸ್ ಓದೋ ಹಂಗೆ ಇವತ್ತೇ ಸರಿ ಮಾಡಿ. ಮುಂದಿಂದೆಲ್ಲ ಸರಿ ಬರುತ್ತೆ. ಆಡಿಟ್ ಮುಗೀಲಿ, ಆಮೇಲೆ ನೋಡಣ ಹಳೇದು. ಒಂಬತ್ತು ದಿನ ಅಷ್ಟೇ ದೇವರಾಜ್. ಎಂಟು ತಿಂಗಳು ಇದ್ದೋರು ಒಂಬತ್ತು ದಿನ ಇರಲ್ವಾ?"

ಎಂಥ ಮಾತು! ಎದ್ದುನಿಂತು ಗುಡುಗಬೇಕಿತ್ತು. ಹತ್ತು ದಿನದ ಹಿಂದಾಗಿದ್ದರೆ ಆ ಗಾಜಿನ ಕೋಣೆ ನಡುಗುವಂತೆ ಗುಡುಗುತ್ತಿದ್ದೆ. ಆದರೆ ಗುಡುಗುವುದಕ್ಕೆ ಮುಖ ಬೇಕಲ್ಲ? ಅವರು ಹೇಳಿದ್ದು 'ಆಟ ನಿಲ್ಲಕೂಡದು' ಎಂದೇ. ಅರವತ್ತೊಂದು ಕಡೆ ನಾನೇ ಬರೆದದ್ದು.

"ಇಲ್ಲ ಸರ್. ನಾಳೆ ಭದ್ರಾವತಿಗೆ ಹೋಗ್ತೀನಿ" ಎಂದೆ.

"ಕಾಂಟ್ರಾಕ್ಟ್ ಹೋದ್ರೆ?"

"ಪ್ರಿಂಟರ್ ರಿಪೇರಿ ಮಾಡ್ತೀನಿ."

ಅಕ್ಷಯಾ ಹೊರಗೆ ಬಂದ ಮೇಲೆ, "ಸರ್, ಅಷ್ಟು ಚಿಕ್ಕ ವಾಕ್ಯ ನಿಮ್ಮ ಬಾಯಿಂದ ಫಸ್ಟ್ ಟೈಮ್ ಕೇಳಿದ್ದು" ಎಂದಳು. ಏನು ಹೇಳುತ್ತಾಳೋ ಈ ಹುಡುಗಿ. ನಾನು ಯಾವಾಗಲೂ ಹೀಗೇ ಮಾತಾಡುವುದು.

ಸಂಜೆ 'ತೋರಿಸಬೇಡ' ಸಾಲುಗಳನ್ನು ಒಂದೊಂದಾಗಿ ತೆಗೆದೆ. ಎಡವಟ್ಟನ್ನು ಬರೆದಿಟ್ಟರಷ್ಟೇ ಸಾಲದು, ಸರಿಪಡಿಸಬೇಕು ಎಂಬುದು ಅನಲೈಸರಿನ ಹಟ. ಕೆಂಪು: 61.

ಜನವರಿ 23, ಗುರುವಾರ

ಬಸ್ಸಿನಲ್ಲಿ ಭಾಷಣ ಸಿದ್ಧಪಡಿಸಿಕೊಂಡೆ. ಶಿವಮೊಗ್ಗ ಬಿಡುವಾಗ ಶುರುವಾಗಿ ಭದ್ರಾವತಿ ಮುಟ್ಟುವಾಗ ಮುಗಿಯುವಷ್ಟು. ಪೀಠಿಕೆ, ಪಶ್ಚಾತ್ತಾಪ, ಮಷಿನ್ ಕಂಪನಿಯವರು ಹೇಳದೆ ಮಾಡಿದ ಬದಲಾವಣೆ, ವಿಧಿಯ ಆಟ, ಕೊನೆಗೆ ಕ್ಷಮಾಯಾಚನೆ. ಪಕ್ಕದಲ್ಲಿ ಕೂತ ಅಕ್ಷಯಾಗೆ ಒಪ್ಪಿಸಿದೆ.

"ಸರ್, ಇದ್ರಲ್ಲಿ 'ತಪ್ಪು ನನ್ನದು' ಅಂತ ಎಲ್ಲೂ ಬರಲ್ಲ."

ಮತ್ತೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ನಿಜ. ಬರುವುದಿಲ್ಲ.

ವೇದಾವತಿ ಮೇಡಂ ಕನ್ನಡಕ ತೆಗೆದು, ಪಟ್ಟಿ ಓದಿ, ಮತ್ತೆ ಹಾಕಿಕೊಂಡು ಓದಿದರು. ಐವತ್ತೈದು ವಯಸ್ಸು. ಒಮ್ಮೆಯೂ ದನಿ ಏರಿಸಿದವರಲ್ಲ.

"ಇವ್ರಲ್ಲಿ ಇಬ್ರು ಬಂದು ಜಗಳ ಆಡಿದ್ರು ದೇವರಾಜ್ ಅವ್ರೇ. ಮೈಯೆಲ್ಲ ಸುಸ್ತು, ರಿಪೋರ್ಟ್ ಸರಿ ಇಲ್ಲ ಅಂತ. ನಾನು ಏನಂದೆ ಗೊತ್ತಾ? ನಮ್ಮ ಪ್ರೋಗ್ರಾಂ ಹನ್ನೊಂದು ವರ್ಷದಲ್ಲಿ ಒಂದ್ಸಲ ನಿಂತಿಲ್ಲ ಅಂದೆ."

ಪಟ್ಟಿಯನ್ನು ನನ್ನ ಕಡೆ ಸರಿಸಿದರು.

"ಫೋನ್ ಅಲ್ಲಿದೆ. ಕೂತ್ಕೊಳ್ಳಿ. ನಮ್ಮ ಹುಡುಗೀರು ಮಾಡಲ್ಲ, ನೀವೇ ಮಾಡಿ."

ಮೊದಲ ನಂಬರು ಒತ್ತಿದೆ. ಆ ಕಡೆಯಿಂದ ಒಬ್ಬ ಗಂಡಸು, "ಯಾರು?"

"ಲ್ಯಾಬಿಂದ. ಮೇನಲ್ಲಿ ಕೊಟ್ಟ ನಿಮ್ಮ ಶುಗರ್ ರಿಪೋರ್ಟ್ ತಪ್ಪು. ತಪ್ಪು ನಂದು. ನಿಮ್ಮ ಶುಗರ್ ಜಾಸ್ತಿ ಇತ್ತು. ಶನಿವಾರ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ."

ಬೈದರು. ಮುಂದಿನವರೂ ಬೈದರು. ಒಬ್ಬರು ತೆಲುಗಿನಲ್ಲಿ, ಒಬ್ಬರು ತಮಿಳಿನಲ್ಲಿ. ಭದ್ರಾವತಿ ಎಷ್ಟು ಭಾಷೆಯ ಊರು ಎಂಬುದು ಸಂಜೆಯ ಹೊತ್ತಿಗೆ ಚೆನ್ನಾಗಿ ತಿಳಿಯಿತು. ಒಬ್ಬ ಹೆಂಗಸು ಮಾತ್ರ ಬೈಯಲಿಲ್ಲ. "ನಂಗೆ ಅವಾಗ್ಲೇ ಅನ್ಸಿತ್ತು ಕಣಪ್ಪಾ" ಎಂದು ಇಟ್ಟುಬಿಟ್ಟರು. ಅದೇ ಹೆಚ್ಚು ನೋವಾಯಿತು.

ಇಪ್ಪತ್ತೆರಡು ಜನಕ್ಕೆ ಹೇಳಿದೆ. ಒಬ್ಬರು ಬಾಕಿ. ಅವರಿಗೆ ಫೋನಿನಲ್ಲಿ ಹೇಳುವಂತಿಲ್ಲ.

ಜನವರಿ 24, ಶುಕ್ರವಾರ

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಏನ್ ಅಳಿಯಂದ್ರೇ, ಕೆಲಸದ ದಿನ? ದೀಪು ಜೊತೆ ಜಗಳ ಆಡ್ಕೊಂಡ್ರಾ?"

"ಇಲ್ಲ ಅತ್ತೆ. ಒಳಗೆ ತೂಗುಹಾಕಿದೀರಲ್ಲ, ಆ ರಿಪೋರ್ಟ್ ನಿಮ್ದಲ್ಲ."

"ಮತ್ಯಾರದ್ದು?"

"ಅಂಕಿ ಬೇರೆಯೋರ್ದು. ನಿಮ್ಮ ಮುಂದೆ ಸರದೀಲಿ ನಿಂತಿದ್ದ ಕಬಡ್ಡಿ ಆಡೋ ಹುಡುಗನದ್ದು. ನಿಮ್ದು ಮುನ್ನೂರರ ಮೇಲಿತ್ತು. ಪ್ರೋಗ್ರಾಂ ತಪ್ಪು ಹಾಕ್ತು. ಬರೆದಿದ್ದು ನಾನು."

ಅತ್ತೆಯ ಕೈ ನಿಂತಿತು. ಒಂದು ಅವರೆಕಾಯಿ ಅರ್ಧ ಬಿಚ್ಚಿಕೊಂಡು ಬೆರಳ ಸಂದಿಯಲ್ಲೇ ಇತ್ತು.

"ಹಂಗಾರೆ ಏಳು ತಿಂಗ್ಳು ನಾನು ಕಬಡ್ಡಿ ಹುಡುಗನ ರಕ್ತದ ಮೇಲೆ ಹೋಳಿಗೆ ತಿಂದೆ."

"ಹೌದು ಅತ್ತೆ."

"ಚೆನ್ನಾಗಿ ತಿಂದೆ ಮಾರಾಯ್ರೆ." ಕಾಯಿ ಸುಲಿದು ಕಾಳು ಬುಟ್ಟಿಗೆ ಹಾಕಿದರು. "ಅಷ್ಟರಮಟ್ಟಿಗೆ ನಿಮ್ಮನ್ನ ಹೊಗಳ್ಬೇಕು."

ಆಗ ನನ್ನೊಳಗಿದ್ದದ್ದು ಎದ್ದಿತು. ಕೈಜೋಡಿಸಿದೆ, ಗಂಟಲು ಸರಿಮಾಡಿಕೊಂಡೆ. "ಅತ್ತೆ, ಈ ಪಾಪಿಯನ್ನು..."

"ಡೈಲಾಗ್ ಬ್ಯಾಡ. ಇನ್ನೆಷ್ಟು ಜನಕ್ಕೆ ಹಿಂಗೆ ಮಾಡಿದೀರಿ?"

"ಇಪ್ಪತ್ತೆರಡು."

"ಹೇಳಿದ್ರಾ?"

"ಎಲ್ರಿಗೂ. ನಿನ್ನೆ."

"ನಂಗೆ ಕೊನೇಗೆ ಬಂದ್ರಿ. ಹೆದರ್ಕೊಂಡು."

"ಹೌದು."

"ಅದು ಒಳ್ಳೇದೇ" ಎಂದರು. "ಹೆದರ್ಕೊಂಡ್ರೂ ಬಂದ್ರಿ." ಏಳಲು ಹೋದರು, ಕಾಲು ಊರಲಾಗದೆ ಗೋಡೆ ಹಿಡಿದರು. ನಾನು ಕೂತು ಕಾಲಿನ ಬಟ್ಟೆ ಬಿಚ್ಚಿದೆ. ದೀಪಾವಳಿಗೆ ಆದ ಗಾಯ. ಎರಡು ಬೆರಳಗಲ ಇದೆ. ಸುತ್ತ ಕಪ್ಪಾಗಿದೆ.

ಆಟೋ ತರಿಸಿದೆ.

ಜನವರಿ 25, ಶನಿವಾರ

ನಿನ್ನೆ ಡಾಕ್ಟರು ಗಾಯ ತೊಳೆದು, ಮಾತ್ರೆ ಕೊಟ್ಟು, ಬೆಳಿಗ್ಗೆ ಮತ್ತೆ ರಕ್ತ ಕೊಡಿ ಎಂದಿದ್ದರು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಬೆರಳು ಉಳಿಯುತ್ತಿರಲಿಲ್ಲವಂತೆ. ನನ್ನನ್ನು ನೋಡಿ ಹೇಳಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿದರು.

ಏಳೂವರೆಗೆ ಲ್ಯಾಬಿನಲ್ಲಿ ಸರದಿ ಬಾಗಿಲಾಚೆ ಹೋಗಿತ್ತು. ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಜನ ಬಂದಿದ್ದರು. ಹಿಂದಿನ ರಾತ್ರಿ ಅಕ್ಷಯಾ ಹೊಸ ಪ್ರೋಗ್ರಾಂ ಹಾಕಿಟ್ಟಿದ್ದಳು. ಅಂಕಿ ಓದಲು ಆಗದಿದ್ದರೆ ಅದು ನಿಲ್ಲುತ್ತದೆ.

ನಾಲ್ಕನೆಯವರಿಗೇ ನಿಂತಿತು. ಇಡೀ ಪರದೆ ಕೆಂಪು. 'ಅಂಕಿ ಸಿಗಲಿಲ್ಲ. ವರದಿ ಮುದ್ರಿಸಿಲ್ಲ. ಮತ್ತೆ ರಕ್ತ ತೆಗೆಯಿರಿ.' ಮಷಿನ್ನಿಗೆ ರಕ್ತ ಸಾಲದೆ ಅದು ಏನೂ ಹೇಳದೆ ಸುಮ್ಮನಾಗಿತ್ತಂತೆ. ಹಳೆಯ ಪ್ರೋಗ್ರಾಂ ಆಗಿದ್ದರೆ ಮೂರನೆಯವರ ಅಂಕಿ ಹಾಕಿ ಕಳಿಸುತ್ತಿತ್ತು.

ಹಿಂದಿನಿಂದ ಯಾರೋ, "ಏನ್ರೀ ಇದು, ಇವತ್ತೂ ಕೆಟ್ಟೋಯ್ತಾ?" ಎಂದು ಕೂಗಿದರು. ಇಡೀ ಸರದಿ ನನ್ನ ಕಡೆ ತಿರುಗಿತು. ಐವತ್ತು ಕಣ್ಣು. ನನಗೆ ಇಂಥ ಪ್ರೇಕ್ಷಕರು ಸಿಕ್ಕಿ ಎಷ್ಟೋ ವರ್ಷವಾಗಿತ್ತು.

"ಕೆಟ್ಟಿಲ್ಲ. ಗೊತ್ತಿಲ್ಲ ಅಂತ ಹೇಳ್ತಾ ಇದೆ. ಹತ್ತು ನಿಮಿಷ ತಡ ಆಗುತ್ತೆ" ಎಂದೆ.

ಕಾದರು. ಚಪ್ಪಾಳೆ ಬರಲಿಲ್ಲ.

ಅತ್ತೆಯ ಸಕ್ಕರೆ 281. ವೇದಾವತಿ ಮೇಡಂ ಕಾಗದ ಕೊಡುವ ಮೊದಲು ಮಷಿನ್ನಿನ ಅಂಕಿಗೂ ಕಾಗದದ ಅಂಕಿಗೂ ತಾಳೆ ನೋಡಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು. ಇನ್ನು ಮೇಲೆ ಪ್ರತಿಯೊಂದಕ್ಕೂ ಹಾಗೇ ಮಾಡುತ್ತಾರಂತೆ.

ಜನವರಿ 31, ಶುಕ್ರವಾರ

ತಪಾಸಣೆಯವರು ಬಂದರು. ಕೆಂಪು: 52. ಸೊನ್ನೆಯಲ್ಲ. ವಿಷ್ಣುಪ್ರಸಾದ್ ಬರಲಿಲ್ಲ, ನನ್ನನ್ನು ಕಳಿಸಿದರು. ಅವರ ಕೋಪ ಇಳಿದಿಲ್ಲ.

ಇಪ್ಪತ್ಮೂರು ಜನರ ಪಟ್ಟಿಯನ್ನು ವೇದಾವತಿ ಮೇಡಂ ತಾವಾಗಿಯೇ ಮೇಜಿನ ಮೇಲಿಟ್ಟರು. ತಪಾಸಣೆಯವರು ಕೇಳಿದ್ದನ್ನೆಲ್ಲ ನಾನು ಹೇಳಿದೆ. ಮಾನ್ಯತೆ ಕೊಡಲಿಲ್ಲ. ಮೂರು ತಿಂಗಳು ಸಮಯ ಕೊಟ್ಟಿದ್ದಾರೆ.

"ಬೇರೆ ಕಂಪನಿ ನೋಡ್ತೀರಾ ಮೇಡಂ?" ಎಂದು ಕೇಳಿಯೇಬಿಟ್ಟೆ.

"ನೋಡಿದೆ" ಎಂದರು. "ಇಬ್ರು ಬಂದಿದ್ರು. ತಮ್ಮ ಪ್ರೋಗ್ರಾಂ ಎಂದೂ ನಿಲ್ಲಲ್ಲ ಅಂದ್ರು. ಕಳಿಸ್ಬಿಟ್ಟೆ."

ಫೆಬ್ರವರಿ 4, ಮಂಗಳವಾರ

1,140 ಸಾಲು ಈಗ ಮೂವತ್ತೊಂದು ತುಂಡು. ಯಾವುದೂ ಒಂದು ಪರದೆಗಿಂತ ಉದ್ದವಿಲ್ಲ. ಎಲ್ಲ ತುಂಡಿಗೂ ಅದು ಏನು ಮಾಡುತ್ತದೋ ಅದೇ ಹೆಸರು. ಓದಲು ಸಪ್ಪೆ. ಅಕ್ಷಯಾ ಒಂದೇ ಸಲಕ್ಕೆ ಓದಿ ಮುಗಿಸಿ ಅರ್ಥವಾಯಿತು ಎಂದಳು.

ಸೇನಾಪತಿಯ ಮಾತು ಹೇಳಲೇ ಎಂದೆ. ಐದು ನಿಮಿಷಕ್ಕೆ ಇಳಿಸಿದರೆ ಕೇಳುತ್ತಾಳಂತೆ.

ಫೆಬ್ರವರಿ 10, ಸೋಮವಾರ

ಕೆಂಪು: 38.

ಗಾಯ: ಒಂದು ಬೆರಳಗಲ.

ಅತ್ತೆಯ ಸಕ್ಕರೆ: 164. ಎರಡು ವಾರದಿಂದ ರಾಗಿ ಗಂಜಿ, ಹಾಗಲಕಾಯಿ. ನಾನು ಡ್ರೆಸ್ಸಿಂಗ್ ಬದಲಾಯಿಸುವಾಗ ಅತ್ತೆ ಬೈಯಲು ಶುರುಮಾಡಿದರು. ಹಾಗಲಕಾಯಿಗೆ, ಮಾತ್ರೆಗೆ, ಕಂಪ್ಯೂಟರಿಗೆ, ಕೊನೆಗೆ ನನಗೆ. ಮೂರು ಲೈನ್ ಆಚೆಗೂ ಕೇಳಿಸುವ ಹಾಗೆ.

ಪೂರ್ತಿ ಕೇಳಿಸಿಕೊಂಡೆ.